ಹಿಮ್ಮಡಿಯ ಮೂರು ಗೀರು

ಅಪ್ಪನ ಬಳಿ ಮಗನ ಈಚಿನ ಫೋಟೊ ಒಂದೂ ಇರಲಿಲ್ಲ. ಮೂರು ದಿನದ ಊಟ ಕಟ್ಟಿಕೊಂಡು ಚಾರಣಕ್ಕೆ ಹೋದವನು ಕಾಡಿನಿಂದ ಮರಳಿರಲಿಲ್ಲ. ಅಪ್ಪ ಶೂ ರಿಪೇರಿಯವನು. ಮಗನ ಬೂಟಿಗೆ ತಾನೇ ಹಾಕಿದ ಅಟ್ಟೆಯ ಚಿತ್ರ ಬರೆದುಕೊಟ್ಟಿದ್ದ. ಟೈರಿನ ರಬ್ಬರು, ಹಿಮ್ಮಡಿಯಲ್ಲಿ ಅಡ್ಡಕ್ಕೆ ಮೂರು ಗೀರು. ಹುಡುಕುವ ತಂಡ ಐದು ದಿನದಿಂದ ಆ ಗುರುತು ಹಿಡಿದು ಹೊಳೆಯಾಚೆ ಪೂರ್ವದ ಕಾಡನ್ನೇ ಜಾಲಾಡುತ್ತಿತ್ತು.

"ಫೋಟೊಗಿಂತ ಇದೇ ವಾಸಿ ಯಜಮಾನ್ರೇ," ಎಂದು ತಂಡದ ಮುಖ್ಯಸ್ಥೆ ಮೊಬೈಲನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆಯ ಫೋಟೊ. "ಹೊಳೆ ದಾಟಿದಾನೆ ನಿಮ್ಮಗ. ಅಟ್ಟೆ ಒಂಚೂರೂ ಕಿತ್ತಿಲ್ಲ ನೋಡಿ."

"ಕಿತ್ರೆ ಬಿಡ್ತಾನಾ? ವರ್ಷಪೂರ್ತಿ ಆಡ್ಕೊಳ್ತಾನೆ," ಎನ್ನುತ್ತ ಅಪ್ಪ ಆ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿದ. ಮೂರನೆಯ ಗೀರು ತುದಿಯಲ್ಲಿ ಕೊಂಕಿತ್ತು. ಗೀರು ಕೊರೆಯುವಾಗ ಕತ್ತಿ ಜಾರಿದ್ದು ಮಗನ ಬೂಟಿನಲ್ಲಲ್ಲ, ತನ್ನದರಲ್ಲಿ. ಉಳಿದ ರಬ್ಬರಿನಲ್ಲಿ ತನ್ನ ಬೂಟಿಗೂ ಅಂಥದ್ದೇ ಅಟ್ಟೆ ಹಾಕಿಕೊಂಡಿದ್ದ. ಇಬ್ಬರ ಕಾಲಳತೆಯೂ ಒಂದೇ. ತಂಡ ಬರುವವರೆಗೆ ಒಳಗೆ ಕಾಲಿಡಬೇಡಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಆದರೂ ಅವರು ಬರುವ ಮೊದಲೇ ಅವನು ಮಗನನ್ನು ಕೂಗುತ್ತ ಹೊಳೆ ದಾಟಿ ಹೋಗಿ, ಸಂಜೆಗೆ ಡಾಂಬರು ರಸ್ತೆ ಹಿಡಿದು ವಾಪಸಾಗಿದ್ದ. ಸುಮ್ಮನೆ ಬೈಸಿಕೊಳ್ಳುವುದೇಕೆ ಎಂದು ಯಾರಿಗೂ ಹೇಳಿರಲಿಲ್ಲ.

ಅವನು ಎಡಗಾಲಿನ ಬೂಟು ಬಿಚ್ಚಿ, ಅಟ್ಟೆ ಮೇಲಾಗಿಸಿ ಮೊಬೈಲಿನ ಪಕ್ಕ ಇಟ್ಟ. ಮುಖ್ಯಸ್ಥೆ ಅದನ್ನೂ ಇದನ್ನೂ ನೋಡಿದಳು. ಬೈಯಲಿಲ್ಲ. ನಕ್ಷೆಯಲ್ಲಿ ಪೂರ್ವಕ್ಕೆ ಎಳೆದಿದ್ದ ಕೆಂಪು ಗೆರೆಯನ್ನು ಹೊಡೆದುಹಾಕಿ, ಮಡಚಿಟ್ಟಿದ್ದ ಪಶ್ಚಿಮದ ಭಾಗವನ್ನು ಬಿಡಿಸಿದಳು. ತಪ್ಪು ದಿಕ್ಕಿನಲ್ಲಿ ಹೋದದ್ದು ಐದು ದಿನ.