ಕೆಂಪು ಗೆರೆ ಎಳೆದ ಮಾತು

"ಒಂದಕ್ಷರನೂ ನಿಮ್ಮ ಕಿವಿಗೆ ಬೀಳಂಗಿಲ್ಲ ಸಾಹೇಬ್ರೆ. ಮಾತು ಕೊಟ್ಟೀನಿ."

ಹರಿಹರ ರೈಲ್ವೆ ಸ್ಟೇಷನ್ನಿನ ಚಹಾ ಅಂಗಡಿಯ ಹಿಂದೆ ಕರಿಬಸವರಾಜ ನಿಂತಲ್ಲೇ ನಿಂತ. ಆ ಧ್ವನಿ ಮಿಲ್ಲಿನಲ್ಲಿ ಮಗ್ಗ ನಡೆಸುವ ರೇವಣ್ಣನದು. ಅವನ ಎದುರಿಗಿದ್ದವರು ಪೊಲೀಸ್ ಇನ್‌ಸ್ಪೆಕ್ಟರ್. ಇಬ್ಬರ ಕೈಯಲ್ಲೂ ಚಹಾ.

"ತಪ್ಪಿದ್ರೆ ಸ್ಟೇಜ್ ಮ್ಯಾಲಿಂದಾನೇ ಎಳಕೊಂಡು ಹೋಗ್ತೀನಿ. ನಿನ್ನೊಬ್ಬನ್ನಲ್ಲ, ಬಣ್ಣ ಹಚ್ಚಿದೋರನ್ನೆಲ್ಲ."

"ನಿಮಗ್ಯಾಕ್ರಿ ಅಷ್ಟು ತೊಂದ್ರೆ ಕೊಡ್ಲಿ," ಎಂದು ರೇವಣ್ಣ ನಕ್ಕ.

ದಾವಣಗೆರೆಯ ಮಿಲ್ಲಿನಲ್ಲಿ ಮುಷ್ಕರ ಹೂಡಿ ತಿಂಗಳು ಕಳೆದಿತ್ತು. ಹಳೆಯ ಕೂಲಿಗೇ ಒಬ್ಬೊಬ್ಬರು ಎರಡರ ಬದಲು ನಾಲ್ಕು ಮಗ್ಗ ನಡೆಸಬೇಕೆಂದು ಆಜ್ಞೆಯಾಗಿತ್ತು. ಮುಖಂಡರೆಲ್ಲ ಜೈಲಿನಲ್ಲಿದ್ದರು. ಊರಲ್ಲಿ ಸಭೆ ಸೇರುವಂತಿರಲಿಲ್ಲ. ಮಾಲೀಕರ ಕಡೆಯವರು ಓಣಿ ಓಣಿ ತಿರುಗಿ, ರಾಜಿಯಾಗಿದೆ, ಸೋಮವಾರ ಗೇಟು ತೆಗೆಯುತ್ತೇವೆ, ಬನ್ನಿ ಎಂದು ಸಾರುತ್ತಿದ್ದರು.

ಅದು ಸುಳ್ಳು. ಜೈಲಿಗೆ ಹೋಗಿ ಮುಖಂಡರನ್ನು ಕಂಡು ಬಂದ ನಾಟಕದ ಮೇಷ್ಟ್ರು ವಾಮದೇವಪ್ಪನವರಿಗೆ ಅದು ಗೊತ್ತಿತ್ತು. ಆದರೆ ಒಬ್ಬೊಬ್ಬರ ಕಿವಿಯಲ್ಲಿ ಹೇಳಿದರೆ ಅದೂ ಇನ್ನೊಂದು ಗಾಳಿಸುದ್ದಿಯಾಗುತ್ತಿತ್ತು. ಎಲ್ಲರೂ ಒಟ್ಟಿಗೆ ಕೂತಲ್ಲಿ ಹೇಳಬೇಕಿತ್ತು. ಅದಕ್ಕೇ ಈ ಭಾನುವಾರದ ನಾಟಕ, ನಿಷೇಧವಿಲ್ಲದ ಹರಿಹರದಲ್ಲಿ. ನಾಟಕದ ಕೊನೆಯಲ್ಲಿ ಕಾರ್ಮಿಕನ ಪಾತ್ರದ ರೇವಣ್ಣ ಹೇಳಬೇಕಾದ ಮಾತು ಇಷ್ಟೇ: ರಾಜಿಯಾಗಿಲ್ಲ, ಗೇಟು ತೆಗೆದರೂ ಒಳಗೆ ಕಾಲಿಡಬೇಡಿ. ಅನುಮತಿಗೆ ಕೊಟ್ಟ ಪ್ರತಿಯಲ್ಲಿ ಇನ್‌ಸ್ಪೆಕ್ಟರ್ ಕೆಂಪು ಗೆರೆ ಎಳೆದದ್ದೂ ಅಷ್ಟಕ್ಕೇ. ಏನಾದರಾಗಲಿ, ಹೇಳಿಯೇ ತೀರುತ್ತೇನೆ ಎಂದಿದ್ದ ರೇವಣ್ಣ.

ಕರಿಬಸವರಾಜ ಓಡಿಹೋಗಿ ವಾಮದೇವಪ್ಪನವರಿಗೆ ತಾನು ಕೇಳಿದ್ದನ್ನು ಹೇಳಿದ. ಹೇಳುವಾಗಲೇ ತಪ್ಪು ಮಾಡುತ್ತಿದ್ದೇನೇನೋ ಎನ್ನಿಸಿತು.

"ಈಗ ಬ್ಯಾರೆ ಯಾರನ್ನ ತರ್ಲಪ್ಪ? ಅವನು ಹೇಳ್ದಿದ್ರೆ ನೀನು ಹೇಳ್ತೀಯೇನು?"

ಕರಿಬಸವರಾಜ ಜವಳಿ ಅಂಗಡಿಯ ಗುಮಾಸ್ತ. ಮಿಲ್ಲಿನ ಗೋಡೆಯ ಆಚೆ ಎಂದೂ ಕಾಲಿಟ್ಟವನಲ್ಲ. ಬೆಳ್ಳಗಿದ್ದಾನೆ, ಮಾತು ಶುದ್ಧವಾಗಿದೆ ಎಂದು ಮಾಲೀಕನ ಪಾತ್ರ ಕೊಟ್ಟಿದ್ದರು.

ಮಧ್ಯಾಹ್ನದ ರೈಲಿಗೆ ದಾವಣಗೆರೆಯ ಮಿಲ್ಲಿನ ಜನ ಬಂದಿಳಿದರು. ಗಂಡಸರು, ಹೆಂಗಸರು ಮುಂದೆ ಕೂತರು. ಹರಿಹರದವರು ಹಿಂದೆ ನಿಂತರು. ಇನ್‌ಸ್ಪೆಕ್ಟರ್ ವೇದಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಕೆಂಪು ಗೆರೆಯ ಪ್ರತಿಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಪ್ರತಿ ಮಾತಿಗೂ ಬೆರಳಾಡಿಸುತ್ತ ಕೂತರು.

ನಾಟಕ ಚೆನ್ನಾಗಿಯೇ ನಡೆಯಿತು. ರೇವಣ್ಣ ಎಂದಿನಂತೆ ಗಂಟಲು ಹರಿಯುವಂತೆ ಕೂಗಿ, ಮಾತುಮಾತಿಗೂ ಬಾಯಿ ಅಗಲಿಸಿ ಆಡಿದ. "ಬಾಯಿ ಹಂಗೆ ಹಿಗ್ಗಿಸಬ್ಯಾಡೋ, ಕಪ್ಪೆ ಕಂಡಂಗೆ ಕಾಣ್ತೀಯ" ಎಂದು ವಾಮದೇವಪ್ಪನವರು ತಾಲೀಮಿನಲ್ಲಿ ಬೈದದ್ದೆಲ್ಲ ನೀರಿನಲ್ಲಿ ಹೋಮವಾಗಿತ್ತು.

ಕೊನೆಯ ದೃಶ್ಯ. ಮಾಲೀಕ ಕೇಳಬೇಕು, ಕಾರ್ಮಿಕ ಉತ್ತರಿಸಬೇಕು.

"ಏನು ಹೇಳ್ತೀಯೋ ನಿನ್ನ ಜನಕ್ಕೆ?" ಎಂದ ಕರಿಬಸವರಾಜ.

ರೇವಣ್ಣ ಅವನಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದ.

ಮಾತಿಲ್ಲ.

ಪರದೆಯ ಮರೆಯಿಂದ ವಾಮದೇವಪ್ಪನವರು ಪಿಸುಗುಟ್ಟಿದರು, "ರಾಜಿ... ರಾಜಿಯಾಗಿಲ್ಲ..." ರೇವಣ್ಣ ಕೇಳಿಸದವನಂತೆ ನಿಂತಿದ್ದ. ಹಿಂದಿನಿಂದ ಕಾಣುತ್ತಿದ್ದುದು ಅವನ ದವಡೆಯ ಅಲುಗಾಟ ಮಾತ್ರ. ಗಂಟಲು ಕಟ್ಟಿದವನ ಹಾಗೆ. ಒಮ್ಮೆ ಎಡಕ್ಕೆ ಮುಖ ತಿರುಗಿಸಿದ, ಒಮ್ಮೆ ಬಲಕ್ಕೆ, ಮತ್ತೆ ನಡುವಿಗೆ.

"ಏ, ಜೋರಾಗಿ ಹೇಳಪ್ಪಾ!" ಹಿಂದಿನಿಂದ ಹರಿಹರದವನೊಬ್ಬ ಕೂಗಿದ.

"ಮಾತು ಮರ್ತು ಬಿಟ್ಟಾನ್ರೋ! ಹೆಂಡ್ತೀನ ಕರೀರಿ, ನೆನಪು ಮಾಡ್ತಾಳೆ!"

ಹಿಂದೆ ನಗೆಯೆದ್ದಿತು. ಮುಂದೆ ಕೂತವರಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ಕಣ್ಣು ಮಿಟುಕಿಸದೆ ರೇವಣ್ಣನನ್ನೇ ನೋಡುತ್ತಿದ್ದರು. ಇವರಿಗೆ ಮೋಸ ಗೊತ್ತಾಯಿತು ಎಂದುಕೊಂಡ ಕರಿಬಸವರಾಜ.

ಈಗ ತಾನೇ ಹೇಳಿಬಿಡಬೇಕು. ಎರಡೇ ಮಾತು. ಒಂದು ಹೆಜ್ಜೆ ಮುಂದಿಟ್ಟ. ಇನ್‌ಸ್ಪೆಕ್ಟರ್ ತಲೆ ಎತ್ತಿದರು. ಕರಿಬಸವರಾಜ ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದ. ಅಷ್ಟರಲ್ಲಿ ಪರದೆ ಬಿತ್ತು.

"ಭೇಷ್," ಎಂದು ಇನ್‌ಸ್ಪೆಕ್ಟರ್ ರೇವಣ್ಣನ ಬೆನ್ನು ತಟ್ಟಿದರು. "ಮಾತಿಗೆ ತಪ್ಪದ ಮನುಷ್ಯ ನೀನು."

ವಾಪಸು ರೈಲಿನಲ್ಲಿ ಕರಿಬಸವರಾಜ ರೇವಣ್ಣನ ಮುಖ ನೋಡಲಿಲ್ಲ.

"ಯಾಕ್ರಿ ಸಾವ್ಕಾರ್ರೆ, ನಾಟಕ ಮುಗಿದ್ರೂ ನಮ್ಮ ಮ್ಯಾಲೆ ಸಿಟ್ಟು ಹೋಗಿಲ್ಲೇನು?" ಎಂದು ರೇವಣ್ಣ ಕೆಣಕಿದ.

"ನಿನಗಿಂತ ಆ ಸಾವ್ಕಾರ ಮೇಲು," ಎಂದ ಕರಿಬಸವರಾಜ. ಎಂದಮೇಲೆ ತಾನೂ ಬಾಯಿ ಬಿಡಲಿಲ್ಲವಲ್ಲ ಎಂಬುದು ಎದೆಗೆ ಚುಚ್ಚಿತು. ರೇವಣ್ಣ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ.

ಸೋಮವಾರ ಬೆಳಿಗ್ಗೆ ಮಿಲ್ಲಿನ ಸೈರನ್ ಕೂಗಿತು. ಗೇಟು ತೆರೆಯಿತು. ಕರಿಬಸವರಾಜ ಅಂಗಡಿಗೆ ಹೋಗುವುದು ಬಿಟ್ಟು ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತಿದ್ದ. ರಸ್ತೆ ತುಂಬ ಜನ. ಮ್ಯಾನೇಜರ್ ಕೈ ಬೀಸಿ ಕರೆದರು. ಮೇಸ್ತ್ರಿಗಳು ಹೆಸರು ಹಿಡಿದು ಕೂಗಿದರು. ಯಾರೂ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಗೇಟು ಮತ್ತೆ ಮುಚ್ಚಿತು.

ಅವನಿಗೆ ನಂಬಿಕೆ ಬರಲಿಲ್ಲ. ಗುಂಪಿನಲ್ಲಿ ಪಕ್ಕದ ಮನೆಯ ಕೆಂಚವ್ವ ಕಂಡಳು. ಗಂಡ ಹೋದಮೇಲೆ ಮಿಲ್ಲು ಸೇರಿದವಳು.

"ಕೆಂಚವ್ವಾ, ರಾಜಿಯಾಗಿಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ಕೆಂಚವ್ವ ಅವನ ಬಾಯಿಯನ್ನೇ ನೋಡಿದಳು. ಆಮೇಲೆ ನಕ್ಕಳು.

"ನಿನ್ನೆ ರೇವಣ್ಣ ಮೂರು ಸಲ ಹೇಳ್ಲಿಲ್ವೇನಪ್ಪಾ? ಆ ಮಗ್ಗದ ಗದ್ಲದಾಗೆ ದನಿ ಎಲ್ಲಿ ಕೇಳ್ತೈತೆ, ನಾವು ದಿನಾ ತುಟಿ ನೋಡೇ ಮಾತಾಡೋರು."