ಸದ್ದು ಮಾಡುವ ಸರ್ವರ್

ಮನೆಯಲ್ಲೇ ನಡೆಯುವ ಸಾರಿನ ಪುಡಿ ವ್ಯಾಪಾರಕ್ಕೆ ಆರ್ಡರ್, ಲೆಕ್ಕ ಇಡಲು ಮೊದಲ ಕಂಪ್ಯೂಟರ್ ಸರ್ವರ್ ಬೇಕೆಂದು ಮನೆಯಾಕೆ ಹೇಳಿಕಳಿಸಿದ್ದರು. ಕಂಪ್ಯೂಟರ್ ಅಂಗಡಿಯ ದಯಾನಂದ ಎರಡು ಸರ್ವರ್ ಹೊತ್ತು ತಂದ, ಒಂದು ಹೊಸದು, ಒಂದು ಹಳೆಯದು. ಜಗುಲಿಯಲ್ಲಿ ಆಕೆಯ ಯಜಮಾನರ ಫೋಟೋಗೆ ಹಾಕಿದ್ದ ಹಾರ ಇನ್ನೂ ಬಾಡಿರಲಿಲ್ಲ.

"ಹೊಸದನ್ನೇ ತಗೊಳ್ಳಿ ಮೇಡಂ. ಪಕ್ಕದಲ್ಲಿ ಕೂತರೂ ಓಡ್ತಿದೆ ಅಂತ ಗೊತ್ತಾಗಲ್ಲ."

"ಇನ್ನೊಂದು ಸದ್ದು ಮಾಡುತ್ತಾ?"

"ಅಯ್ಯೋ, ಹಗಲೂ ರಾತ್ರಿ ಗುಂಯ್ ಅಂತಲೇ ಇರುತ್ತೆ. ಯಾರೂ ಮುಟ್ಟಲ್ಲ."

"ಆನ್ ಮಾಡಿ, ಕೇಳೋಣ."

ಆಕೆ ಕಣ್ಣು ಮುಚ್ಚಿ ಕೇಳಿದರು. "ಇದೇ ಇರಲಿ. ಒಳಗಿನ ಕೋಣೆಯಲ್ಲಿಡಿ."

ಕೋಣೆಯಲ್ಲಿ ಖಾಲಿ ಮಂಚವೊಂದಿತ್ತು. ಆಕೆ ಮಂಚದ ತಲೆಬದಿ ತೋರಿಸಿ ಪಿಸುಗುಟ್ಟಿದರು. "ಇಲ್ಲಿ ಅವರ ಆಕ್ಸಿಜನ್ ಮಷೀನಿತ್ತು. ಅವರು ಹೋದಮೇಲೂ ಓಡಿಸ್ತಾ ಇದ್ದೆ. ಬೇರೆ ರೋಗಿಗೆ ಬೇಕು ಅಂತ ಬೆಳಗ್ಗೆ ಆಸ್ಪತ್ರೆಯವರು ತಗೊಂಡು ಹೋದರು."

ಗಂಡನ ಮಷೀನಿನ ಸದ್ದಿಲ್ಲದೆ ಪಾಪ ಈಕೆಗೆ ಮನೆಯೇ ಬಿಕೋ ಎನ್ನುತ್ತಿದೆ ಎಂದುಕೊಂಡ ದಯಾನಂದ. ಸರ್ವರನ್ನು ಅಲ್ಲೇ ಇಟ್ಟು ಗುಂಡಿ ಒತ್ತಿದ. ಕೋಣೆ ತುಂಬ ಗುಂಯ್ ಎಂಬ ಸದ್ದು ಹರಡಿತು.

ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಣ್ಣು ಕಾಣದ ಮುದುಕಿಯೊಬ್ಬರು ಹಾಸಿಗೆಯಿಂದ ನಿಧಾನವಾಗಿ ತಲೆಯೆತ್ತಿದರು.

"ಯಾರು ಬಂದಿರೋದು, ರಿಪೇರಿಯವರಾ?" ಎಂದರು. "ಪುಣ್ಯ ಬರಲಪ್ಪ ನಿನಗೆ. ಬೆಳಗ್ಗೆಯಿಂದ ಸದ್ದೇ ಇಲ್ಲದೆ, ನನ್ನ ಮಗ ಹೋಗೇಬಿಟ್ಟನೇನೋ ಅಂದ್ಕೊಂಡಿದ್ದೆ."