ಗುರವ್ವನ ಒಂದು ನಿಮಿಷ

ಪ್ರಮಾಣವಚನ ಮುಗಿದ ದಿನವೇ ಶಾಸಕರ ಧ್ವನಿಯನ್ನು ಅವರವರ ಪಕ್ಷ ಡಬ್ಬಿಯಲ್ಲಿ ಹಾಕಿ ಬೀಗ ಜಡಿದಿಟ್ಟುಕೊಳ್ಳುವುದು ವಾಡಿಕೆ. ಸದನದ ಹಿಂದಿನ ಸಾಲಿನಲ್ಲಿ ಕೂರುವ ಶಾಸಕಿ ಗುರವ್ವ ಹಡಪದ ತನ್ನ ಧ್ವನಿ ಕೇಳಿ ಮೂರು ವರ್ಷವಾಗಿತ್ತು. ಮನೆಯಲ್ಲೂ ಸನ್ನೆಯಲ್ಲೇ ಸಂಸಾರ ಸಾಗಿತ್ತು. ಗಂಡನಿಗೆ ಅದೇ ಹಿತವಾಗಿದ್ದಂತಿತ್ತು.

ಕೊನೆಗೂ ಒಂದು ದಿನ ಪಕ್ಷದ ಸಚೇತಕ ರಂಗರಾಜು ಅವಳ ಡಬ್ಬಿಯ ಬೀಗ ತೆಗೆದರು. "ಒಂದೇ ನಿಮಿಷ, ಗುರವ್ವನೋರೇ. ಮೊದ್ಲು ನಾಯಕರ ಹೆಸರು ಹೇಳಿ ಧನ್ಯವಾದ, ಆಮೇಲೆ ನಿಮ್ಮೂರಿನ ವಿಷಯ."

ಹಾಗೆ ಶುರು ಮಾಡಿದವರು ಯಾರೂ ತಮ್ಮೂರು ತಲುಪಿದ್ದಿಲ್ಲ. ಧನ್ಯವಾದ ಮುಗಿಯುವಷ್ಟರಲ್ಲಿ ಧ್ವನಿ ಡಬ್ಬಿಗೆ ವಾಪಸಾಗಿರುತ್ತಿತ್ತು. ಗುರವ್ವ ಮೂರು ವರ್ಷ ಕೂತು ನೋಡಿದ್ದೇ ಅದನ್ನು.

ಎದ್ದು ನಿಂತವಳು ಗಂಟಲನ್ನೂ ಸರಿಮಾಡಿಕೊಳ್ಳಲಿಲ್ಲ. "ನಮ್ಮೂರ ಹಳ್ಳಕ್ಕ ಸೇತುವಿ ಇಲ್ರಿ. ಮಳಿಗಾಲದಾಗ ಬಸುರಿ ಹೆಣ್ಮಕ್ಕಳನ್ನ ಹಳೇ ಬಾಗಿಲದ ಮ್ಯಾಲ ಮಲಗಿಸಿ ದಾಟಸ್ತೀವ್ರಿ..." ಎಂದು ಒಂದೂ ಬಿಡದೆ ಹೇಳಿ, "ಯಾವಾಗ ಕಟ್ಟಸ್ತೀರಿ, ತಿಂಗಳು ಹೇಳ್ರಿ" ಎಂದಳು. "ಇನ್ನ ನಮ್ಮ ನಾಯಕರು..." ಎನ್ನುವಾಗ ಧ್ವನಿ ನಿಂತಿತು.

ಇಂಥ ಪ್ರಶ್ನೆಯನ್ನೇ ಕೇಳಿ ಗೊತ್ತಿಲ್ಲದ ಮಂತ್ರಿ ಗಲಿಬಿಲಿಗೊಂಡು, "ಬರುವ ಮೇ ತಿಂಗಳೊಳಗೆ" ಎಂದುಬಿಟ್ಟರು. ಮಾತು ಸದನದ ದಾಖಲೆಗೂ ಹೋಯಿತು.

ಮೊಗಸಾಲೆಯಲ್ಲಿ ರಂಗರಾಜು ಕೆಂಡಾಮಂಡಲವಾಗಿ ಕಾಯುತ್ತಿದ್ದರು. "ನಾಯಕರ ಹೆಸರೇ ಎತ್ತಲಿಲ್ವಲ್ರೀ! ಯಾರನ್ನ ಕೇಳಿ ಹಿಂಗ್ ಮಾಡಿದ್ರಿ? ಬಾಯಿ ಬಿಟ್ಟು ಹೇಳ್ರೀ!"

ಗುರವ್ವ ನಗುತ್ತ, ಅವರ ಕಂಕುಳಲ್ಲಿದ್ದ ಡಬ್ಬಿಯತ್ತ ಬೆರಳು ತೋರಿಸಿದಳು.